ಗಂಟು ಸಿಗದ ಹಾಡು

ಮೈಕಿನ ದಾದಾಪೀರನಿಗೆ ತನ್ನದು ಅಂತ ಒಂದು ನಡಿಗೆಯೇ ಇರಲಿಲ್ಲ. ಲಕ್ಷ್ಮೇಶ್ವರದ ಬಜಾರದಲ್ಲಿ ಅವನ ಮುಂದೆ ಯಾರು ಹೊರಟಿದ್ದಾರೋ ಅವರ ನಡಿಗೆಯೇ ಆ ಹೊತ್ತಿಗೆ ಅವನ ನಡಿಗೆ. ಮುಂದೆ ಕೋರ್ಟಿಗೆ ತಡವಾದ ವಕೀಲರಿದ್ದರೆ ಇವನದೂ ದಾಪುಗಾಲು, ಗಬ್ಬದ ಎಮ್ಮೆಯಿದ್ದರೆ ಇವನೂ ಅದರಷ್ಟೇ ಸಾವಕಾಶ. ಒಂದೇ ಬೀದಿಯಲ್ಲಿ ಎರಡು ಜೋಡಿ ಕಾಲುಗಳು ಬೇರೆ ಬೇರೆ ಲಯದಲ್ಲಿ ಸಾಗುವುದು ಅವನ ಜೀವಕ್ಕೆ ಒಗ್ಗುತ್ತಿರಲಿಲ್ಲ. ಒಮ್ಮೆ ಕುಂಟುಗಾಲಿನ ಹುಚ್ಚಪ್ಪಜ್ಜನ ಹಿಂದೆ ಬಜಾರದ ಈ ತುದಿಯಿಂದ ಆ ತುದಿಯವರೆಗೆ ತಾನೂ ಕುಂಟುತ್ತ ಹೋಗಿಬಿಟ್ಟ. ಅಜ್ಜ ಗರಕ್ಕನೆ ತಿರುಗಿ ಬಡಿಗೆ ಎತ್ತಿದ.

"ಅಣಕಸ್ತೀಯೇನಲೇ ಮಗನ?"

"ಇಲ್ಲಜ್ಜಾ, ನಿಮ್ಮ ಕಾಲಿನ ತಾಳ ಭಾಳ ಚೊಲೊ ಐತ್ರಿ. ಬಿಡಾಕ ಮನಸ್ಸಾಗವಲ್ದು."

ಅಜ್ಜ ಬಡಿಗೆ ಇಳಿಸಿದ. ಸಿಟ್ಟು ಇಳಿದು ಇಳಿಸಿದನೋ, ಇಂಥವನನ್ನು ಹೊಡೆದರೆ ತನಗೇ ಪಾಪ ಸುತ್ತಿಕೊಂಡೀತೆಂದು ಇಳಿಸಿದನೋ, ಆ ಮಾತು ಬೇರೆ.

ಇದು ಎಂಬತ್ತರ ಆಸುಪಾಸಿನ ಸಂಗತಿ. ನಾನಾಗ ಆ ಊರ ಶಾಲೆಯಲ್ಲಿ ಮಾಸ್ತರ; ಪಿಂಜಾರ ಓಣಿಯಲ್ಲಿ ದಾದಾಪೀರನ ಮನೆಯ ಎದುರಿನ ಖೋಲಿಯೇ ನನ್ನ ಬಿಡಾರ. ಆ ಮೂರು ವರ್ಷ ನಾನು ತಿದ್ದಿದ ಉತ್ತರಪತ್ರಿಕೆಗಳಲ್ಲಿ ಏನಾದರೂ ಅನ್ಯಾಯ ನಡೆದಿದ್ದರೆ ಅದರ ಅರ್ಧ ಪಾಪ ಅವನ ತಲೆಯ ಮೇಲಿದೆ ಎಂದು ಈಗಲೂ ಧೈರ್ಯವಾಗಿ ಹೇಳುತ್ತೇನೆ. ಮೂವತ್ತರ ಪ್ರಾಯದ ತೆಳ್ಳನೆಯ ಆಳು. ವೈಶಾಖದ ಬಿಸಿಲಿನಲ್ಲೂ ಮೈಮೇಲೆ ಕಂದು ಬಣ್ಣದ ಒಂದು ಕೋಟು ಇರಲೇಬೇಕು; ಅದರ ಎಡಜೇಬಿನಲ್ಲಿ ರಿಕಾರ್ಡಿನ ಮುಳ್ಳುಗಳ ಡಬ್ಬಿ, ಬಲಜೇಬಿನಲ್ಲಿ ಬೆಟಗೇರಿಯ ನೇಕಾರರಿಂದ ತಂದ ನೂಲಿನ ಉಂಡೆ, ಒಳಜೇಬಿನಲ್ಲಿ ರಿಕಾರ್ಡು ಒರೆಸುವ ಮೆತ್ತನೆಯ ಅರಿವೆ. ಆ ಅರಿವೆಯಿಂದ ಅವನು ಮುಖ ಒರೆಸಿಕೊಂಡದ್ದನ್ನು ಆವರೆಗೆ ಯಾರೂ ಕಂಡಿರಲಿಲ್ಲ. ಬೆವರನ್ನು ಅವನು ಕೋಟಿನ ತೋಳಿಗೇ ಒಪ್ಪಿಸುತ್ತಿದ್ದ.

ಅವನ ತಂದೆ ಅಲ್ಲಾಉದ್ದೀನಸಾಬರು ಹತ್ತಿ ಹಿಂಜಿ ಗಾದಿ ಮಾಡುವವರು. ಶಿರಹಟ್ಟಿಯಿಂದ ಮುಂಡರಗಿಯವರೆಗೆ ಮದುವೆ ನಿಶ್ಚಯವಾದ ಮನೆಯವರು ಗಾದಿಗಾಗಿ ಅವರ ಅಂಗಳಕ್ಕೇ ಬರಬೇಕು. ಹತ್ತಿ ಹಿಂಜುವ ಬಿಲ್ಲಿನ ಹೆದೆಗೆ ಕೊಡತಿಯಿಂದ ಹೊಡೆಯುತ್ತ ಕೂತರೆಂದರೆ ಟುಂಯ್ ಟುಂಯ್ ಎಂಬ ನಾದ ಇಡೀ ಓಣಿಗೆ ಗಡಿಯಾರವಾಗಿತ್ತು. ಮಾತು ಕಡಿಮೆ, ಆಡಿದರೆ ಎದುರಿನವರು ಮೂರು ದಿನ ಅದನ್ನೇ ಮೆಲುಕು ಹಾಕಬೇಕು. ಅವರಿಗೊಂದು ಹೆಮ್ಮೆಯಿತ್ತು. ಗಾದಿ ಮುಗಿದ ಮೇಲೆ ಕಣ್ಣು ಮುಚ್ಚಿ ಅದರ ಮೇಲೆ ಕೈ ಆಡಿಸುತ್ತಿದ್ದರು. ಒಂದು ಕಂತಿನ ಹತ್ತಿ ಮುಗಿದು ಇನ್ನೊಂದು ಕಂತಿನದು ಎಲ್ಲಿ ಕೂಡಿತೆಂಬುದು ಕೈಗೆ ಗಂಟಾಗಿ ಸಿಕ್ಕರೆ, ಹೊಲಿಗೆಯನ್ನೆಲ್ಲ ಬಿಚ್ಚಿ ಮತ್ತೆ ಮೊದಲಿನಿಂದ. ಇಂಥ ತಂದೆಯ ಮಗ ಬಿಲ್ಲು ಬಿಟ್ಟು ಮೈಕಿನ ಕಹಳೆಯಂಥ ಭೋಂಗಾ ಹೊತ್ತುಕೊಂಡು ಮದುವೆ ಮನೆಗಳಲ್ಲಿ ರಿಕಾರ್ಡು ಹಚ್ಚುತ್ತ ತಿರುಗಿದರೆ ಹೇಗಾಗಬೇಡ. "ಹಾಡಾವ ಯಾವನೋ, ತಿರಗೂದು ಮಷಿನ್. ಅದರಾಗ ನಿಂದೇನೈತಿ?" ಎಂದು ಒಂದು ದಿನ ಕೇಳಿಬಿಟ್ಟರು. ದಾದಾಪೀರ ಆ ಪ್ರಶ್ನೆಯನ್ನೂ ಭೋಂಗಾದ ಜೊತೆಗೇ ಹೊತ್ತು ಊರೂರು ತಿರುಗಿದ.

ಉತ್ತರ ಸಿಕ್ಕಿದ್ದು ಗದಗಿನಲ್ಲಿ. ಅಲ್ಲಿ ರೇಡಿಯೋ ರಿಪೇರಿ ಮಾಡುವ ಇಸಾಕ ಎಂಬುವನು ಮುಂಬೈಯಲ್ಲಿ ನಾಲ್ಕು ವರ್ಷ ಇದ್ದು ಬಂದವ. ಅಲ್ಲಿ ಕುಣಿಯುವ ಮನೆಗಳಿವೆಯಂತೆ, ಅಲ್ಲೊಬ್ಬ ಎರಡು ಮಷಿನ್ ಇಟ್ಟುಕೊಂಡು ಕೂತಿರುತ್ತಾನಂತೆ, ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಅದರ ಹೊಟ್ಟೆಯೊಳಗಿಂದ ಏಳುತ್ತದಂತೆ, ಕುಣಿಯುವವರ ಕಾಲು ತಪ್ಪುವುದೇ ಇಲ್ಲವಂತೆ. "ಎರಡೂ ಹಾಡಿನ ತಾಳ ಕೂಡಸ್ತಾನಪಾ ಆ ಮನಷ್ಯಾ. ಅದ ಅವನ ವಿದ್ಯಾ" ಎಂದ ಇಸಾಕ. ದಾದಾಪೀರ ಕುಡಿಯುತ್ತಿದ್ದ ಚಹಾ ಹಾಗೇ ಇಟ್ಟು ಎದ್ದ. ಗುಜರಿಯಲ್ಲಿ ಇನ್ನೊಂದು ಮಷಿನ್ ಹುಡುಕಿದ; ಎರಡು ಗುಂಡಿ ತಿರುಗಿಸಿ ಎರಡರ ಸದ್ದನ್ನೂ ಏರಿಸಿ ಇಳಿಸುವಂಥ ಒಂದು ಪೆಟ್ಟಿಗೆಯನ್ನು ಇಸಾಕ ಮಾಡಿಕೊಟ್ಟ; ಬರಲಿರುವ ಹಾಡನ್ನು ತಾನೊಬ್ಬನೇ ಮುಂಚೆ ಕೇಳಿಸಿಕೊಳ್ಳುವುದಕ್ಕೆ ಒಂದು ಹಳೇ ಟೆಲಿಫೋನಿನ ಕಿವಿಯೂ ಸಿಕ್ಕಿತು. ಅದನ್ನು ಬಲಗಿವಿಗೆ ಇಟ್ಟು ರುಮಾಲಿನಿಂದ ಬಿಗಿಯಾಗಿ ಕಟ್ಟಿಕೊಂಡು ಕೂತರೆ, ನೋಡಿದವರು ಹಲ್ಲುನೋವೇ ಎಂದು ಕೇಳಿ ಲವಂಗದ ಎಣ್ಣೆ ಹೇಳಿ ಹೋಗುತ್ತಿದ್ದರು.

ಕಲಿಯತೊಡಗಿದ ಮೇಲೆ ಓಣಿಯ ಶನಿಕಾಟ ಸುರುವಾಯಿತು. ಎರಡು ಹಾಡುಗಳನ್ನು ಒಟ್ಟಿಗೆ ಬಿಟ್ಟರೆ ಎತ್ತು ಕತ್ತೆಗಳನ್ನು ಒಂದೇ ನೊಗಕ್ಕೆ ಕಟ್ಟಿದ ಹಾಗೆ. ಅದು ಇತ್ತ ಎಳೆದರೆ ಇದು ಅತ್ತ. ಮಷಿನಿನ ಮೋಟರಿನ ಕಡ್ಡಿಗೆ ನೂಲು ಸುತ್ತಿದರೆ ತಟ್ಟೆ ಚುರುಕಾಗಿ ತಿರುಗುತ್ತದೆ, ಒಂದೆಳೆ ಬಿಚ್ಚಿದರೆ ಸಾವಕಾಶ ಎಂಬುದನ್ನು ತಾನೇ ಕಂಡುಹಿಡಿದ. ನೂಲು ಹೆಚ್ಚಾದ ದಿನ ಗಂಡು ಹಾಡುಗಾರ ಕೂಸಿನ ದನಿಯಲ್ಲಿ ಚೀರಿದ. ಬೆರಳಿನಿಂದ ತಟ್ಟೆಯ ಅಂಚನ್ನು ಒತ್ತಿ ತಡೆದ ದಿನ ಹಾಡುಗಾರ್ತಿ ಗಂಟಲು ಕಟ್ಟಿದ ಗೌಡನಾದಳು. ತಾಳ ಹಿಡಿಯಲು ಒಂದು ಸ್ಥಿರವಾದ ಆಧಾರ ಬೇಕೆಂದು, ಕಡೆಗೆ ಹೆಂಡತಿ ದಿಲಶಾದಬಿಯ ಒಲೆಯ ಮುಂದೆಯೇ ಮಷಿನ್ ತಂದಿಟ್ಟ. ಅವಳು ರೊಟ್ಟಿ ಬಡಿಯುವ ಲಯ ಊರಿಗೇ ಹೆಸರಾಗಿತ್ತು.

"ಇನ್ನೂ ಸ್ವಲ್ಪ ಜಲ್ದಿ ಬಡಿ."

"ಜಲ್ದಿ ಬಡದ್ರ ರೊಟ್ಟಿ ಹರೀತಾವ್ರಿ."

"ಹರದ ರೊಟ್ಟಿ ನಾ ತಿಂತೇನಿ. ನೀ ಬಡಿ."

ಹದಿನೈದು ದಿನ ಅವನು ಹರಕು ರೊಟ್ಟಿಯನ್ನೇ ತಿಂದ. ಹದಿನಾರನೆಯ ದಿನ ದಿಲಶಾದಬಿ ಮಷಿನ್ ಎತ್ತಿ ಅಂಗಳಕ್ಕಿಟ್ಟು, "ನಿಮ್ಮ ಹಾಡಿಗೆ ಅಂಗಳಾ ಐತಿ, ನನ್ನ ರೊಟ್ಟಿಗೆ ಒಲಿ ಐತಿ" ಎಂದು ಬಾಗಿಲು ಹಾಕಿಕೊಂಡಳು. ಆ ಮಹಾತಾಯಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಆದರೆ ಅಂಗಳವೆಂದರೆ ನನ್ನ ಕಿಟಕಿಯ ಎದುರೇ ಎಂಬುದು ಆಮೇಲೆ ತಿಳಿಯಿತು.

ಅಂಗಳಕ್ಕೆ ಬಿದ್ದದ್ದೇ ಅವನ ಪುಣ್ಯ. ಈ ಮೂಲೆಯಲ್ಲಿ ಮಗನ ಮಷಿನ್, ಆ ಮೂಲೆಯಲ್ಲಿ ತಂದೆಯ ಬಿಲ್ಲು. ಒಂದು ಬೆಳಿಗ್ಗೆ ಅವನ ಲಕ್ಷ್ಯಕ್ಕೆ ಒಂದು ಸಂಗತಿ ಬಂತು. ಹಾಡನ್ನು ಕಂಡರಾಗದ ತಂದೆಯ ಕೊಡತಿ, ಅವರಿಗೇ ಗೊತ್ತಿಲ್ಲದಂತೆ, ನಡೆಯುತ್ತಿದ್ದ ಹಾಡಿನ ತಾಳಕ್ಕೇ ಬೀಳುತ್ತಿತ್ತು! ಹಾಡಿಂದ ಹಾಡಿಗೆ ದಾಟುವಾಗ ಮಾತ್ರ ಆ ಕೈ ತಡವರಿಸುತ್ತಿತ್ತು, ಹೆದೆ ಅಪಸ್ವರ ನುಡಿಯುತ್ತಿತ್ತು, ಸಾಬರು ಏನೋ ಗೊಣಗಿ ಮತ್ತೆ ಹಿಡಿದುಕೊಳ್ಳುತ್ತಿದ್ದರು. ಇನ್ನೇನು ಬೇಕು? ತಂದೆಯ ಕೈ ತಪ್ಪದ ದಿನವೇ ತಾನು ಪಾಸಾದ ದಿನ ಎಂದು ದಾದಾಪೀರ ಲೆಕ್ಕ ಹಾಕಿದ. ಅಂದಿನಿಂದ ಕಣ್ಣು ತಟ್ಟೆಯ ಮೇಲಲ್ಲ, ಆ ಕೈಯ ಮೇಲೆ. ಚಳಿಗಾಲವಿಡೀ ಆ ಕೈ ತಪ್ಪುತ್ತಲೇ ಇತ್ತು. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಎಷ್ಟು ಕೆಟ್ಟದಾಗಿ ತಪ್ಪಿತೆಂದರೆ ಹೆದೆಯೇ ಕಡಿದು ಸಾಬರ ಗಡ್ಡಕ್ಕೆ ಹೊಡೆಯಿತು.

ಅವರು ಕೂಗಾಡಲಿಲ್ಲ. ಕಡಿದ ಹೆದೆಯನ್ನು ಸುತ್ತುತ್ತಲೇ ಹೇಳಿದರು: "ಅಡರಕಟ್ಟಿ ಪುಂಡಲೀಕಪ್ಪನ ಮಗಳ ಮದುವಿಗೆ ನಾ ಗಾದಿ ಕೊಡಾಕ ಬರ್ತೇನಿ. ನೀನೂ ಮೈಕ್ ಒಯ್ಯಾಂವ ಇದ್ದಿ. ನಿನ್ನ ಕೆಲಸದಾಗ ನಿಂದು ಅನ್ನೂದು ಏನೈತಿ, ಅಲ್ಲಿ ತೋರಸು. ಇಲ್ಲಂದ್ರ ಮರುದಿನಾ ಈ ಬಿಲ್ಲಿಗೆ ಕುಂಡ್ರು."

ದಾದಾಪೀರನ ಜೀವ ಹಾರಿತು. ಹತ್ತಿಯ ಧೂಳು ಅವನಿಗೆ ಬಾಲ್ಯದಿಂದಲೂ ಆಗುತ್ತಿರಲಿಲ್ಲ. ಬಿಲ್ಲಿನ ಹತ್ತಿರ ಕೂತರೆ ಸೀನು, ಅದೂ ತಾಳಕ್ಕೆ ಸರಿಯಾಗಿ. ಆದರೆ ಅವನನ್ನು ನಿಜವಾಗಿ ಕಾಡಿದ್ದು ಸೀನಲ್ಲ. ತಾನು ಇಷ್ಟು ದಿನ ಮಾಡಿದ್ದು ಕೆಲಸವೇ ಅಲ್ಲ ಎಂದು ಆ ಅಂಗಳದಲ್ಲಿ ದಿನಾ ಕೂತು ಒಪ್ಪಿಕೊಂಡಂತಾಗುತ್ತಿತ್ತಲ್ಲ, ಅದು. ಒಂದು ಸಂಜೆ ನನ್ನ ಖೋಲಿಗೆ ಬಂದು, "ಮಾಸ್ತರ್, ನಾ ಬರೇ ಗುಂಡಿ ತಿರುವಾಂವ ಏನ್ರಿ?" ಎಂದು ಕೇಳಿದಾಗ, ಅಷ್ಟು ದಿನ ಅವನಿಗೆ ಶಾಪ ಹಾಕಿದ ನಾನೇ ತಿದ್ದುತ್ತಿದ್ದ ಪತ್ರಿಕೆ ಬದಿಗಿಟ್ಟು ಕುರ್ಚಿ ಸರಿಸಿಕೊಟ್ಟೆ.

ಅಡರಕಟ್ಟಿಯ ಮದುವೆಗೆ ನಾನೂ ಹೋಗಿದ್ದೆ. ಅಕ್ಷತೆ ಬಿದ್ದು, ಆಯೇರದ ಹೊತ್ತು ಬಂತು. ಈ ಕಡೆಯ ಪದ್ಧತಿ ಗೊತ್ತಲ್ಲ: ಬೀಗರು ಬಳಗದವರು ಕೊಡುವ ಸೀರೆ, ಖಣ, ತಾಮ್ರದ ಪಾತ್ರೆ ಇವೆಲ್ಲ ಮೈಕಿನಲ್ಲಿ ಹೆಸರು ಹಿಡಿದು ಕೂಗಿದ ಮೇಲೆಯೇ ಕೊಟ್ಟಂತೆ, ಕೂಗದ ಆಯೇರ ಊದದ ಶಂಖವಿದ್ದಂತೆ. ಕೂಗುವುದು ಒಂದು ಹಾಡು ಮುಗಿದು ಇನ್ನೊಂದು ಏಳುವ ನಡುವಿನ ಬಿಡುವಿನಲ್ಲಿ. ಮಂಗಳಕಾರ್ಯದಲ್ಲಿ ನಡೆದ ಹಾಡನ್ನು ಅರ್ಧಕ್ಕೆ ಕಡಿಯಬಾರದೆಂದು ಆ ಮನೆತನದ ಕಟ್ಟುಪಾಡು. ನೂರು ಮದುವೆ ಕಂಡ ದಾದಾಪೀರನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆ ದಿನ ಅವನ ಪಾಲಿಗೆ ಮದುವೆಯೂ ಇರಲಿಲ್ಲ, ಮದುಮಗಳೂ ಇರಲಿಲ್ಲ. ಹಂದರದ ಕಂಬಕ್ಕೆ ಆತು ಕೂತ ತಂದೆ, ಅವರ ಮೊಣಕಾಲ ಮೇಲೆ ಹಾಡಿಗೆ ತಾಳ ಹಾಕುತ್ತಿದ್ದ ಒಂದು ಬೆರಳು, ಇವೆರಡೇ ಇದ್ದವು.

ಮೊದಲ ಹಾಡು ಮುಗಿಯುತ್ತ ಬಂತು. ಬಲಗಿವಿಯ ರುಮಾಲು ಬಿಗಿಮಾಡಿಕೊಂಡು ಎರಡನೆಯ ತಟ್ಟೆಯನ್ನು ಬಿಟ್ಟ. ಅಂಚಿಗೆ ಬೆರಳು ತಾಗಿಸಿ ಕೂದಲೆಳೆಯಷ್ಟು ತಡೆದ. ಒಂದು ಗುಂಡಿ ಇಳಿಸುತ್ತ ಇನ್ನೊಂದನ್ನು ಏರಿಸಿದ. ತಂದೆಯ ಬೆರಳು ಬೀಳುತ್ತಲೇ ಇತ್ತು. ಹಾಡು ದಾಟಿತು, ಬೆರಳು ನಿಲ್ಲಲಿಲ್ಲ, ತಡವರಿಸಲಿಲ್ಲ. ಇದು ಅಕಸ್ಮಾತ್ ಇರಬಹುದೆಂದು ಮೂರನೆಯದನ್ನು ಕೂಡಿಸಿದ. ಬೆರಳು ತಪ್ಪಲಿಲ್ಲ. ಆಮೇಲೆ ಮನುಷ್ಯನಿಗೆ ಹುಚ್ಚೇ ಹಿಡಿಯಿತು. ನಾಲ್ಕು, ಐದು, ಆರು. ಕಣ್ಣಲ್ಲಿ ನೀರು, ಬೆವರಿನಲ್ಲಿ ತೊಯ್ದ ಕೋಟು.

ಇತ್ತ ಪುಂಡಲೀಕಪ್ಪ ಆಯೇರದ ಚೀಟಿ ಹಿಡಿದು ಮೈಕಿನ ಪಕ್ಕ ನಿಂತವನು ನಿಂತೇ ಇದ್ದಾನೆ, ಹಾಡು ಮುಗಿಯಲೊಲ್ಲದು. ಅವನ ಹಿಂದೆ ಮುಂಡರಗಿಯಿಂದ ಬಂದ ಮದುಮಗಳ ಸೋದರತ್ತೆ ಸಾವಂತ್ರೆವ್ವ, ಟೊಂಕದ ಮೇಲೆ ದೊಡ್ಡದೊಂದು ತಾಮ್ರದ ಹಂಡೆ. ಕೆಳಗಿಡುವಂತಿಲ್ಲ, ಹೆಸರು ಕೂಗಿದಾಗ ಎತ್ತಿ ತೋರಿಸಬೇಕಲ್ಲ! ಅವಳ ಹಿಂದೆ ಸೀರೆ ಖಣದವರ ಸಾಲು ಹಂದರ ದಾಟಿ ಬೇವಿನ ಗಿಡದವರೆಗೆ ಬೆಳೆದಿತ್ತು.

"ಇದೆಂಥಾ ಉದ್ದನ್ನ ಹಾಡಪಾ ಇದು? ನನ್ನ ಟೊಂಕ ಬಿದ್ದು ಹೋತು."

"ಮುಗೀತೈತಿ, ತಡೀಬೇ. ಹಾಡು ನಡಕ ಕಡೀಬಾರದು" ಎಂದ ಪುಂಡಲೀಕಪ್ಪ.

ಏಳನೆಯ ಹಾಡು ಎದ್ದಿತು. ಸಾವಂತ್ರೆವ್ವ ಆ ಮನೆತನದ ಕಟ್ಟುಪಾಡನ್ನೂ ಹಂಡೆಯನ್ನೂ ಒಟ್ಟಿಗೇ ಇಳಿಸಿದಳು, ನೇರವಾಗಿ ಮಷಿನಿನ ಮೇಜಿನ ಮೇಲೆ. ಎರಡೂ ಮುಳ್ಳುಗಳು ಕುಪ್ಪಳಿಸಿ, ಭೋಂಗಾ ಒಮ್ಮೆ ಕರ್ ಎಂದು ಸುಮ್ಮನಾಯಿತು. ಹಂದರದಲ್ಲಿ ಜನರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಆ ಮೌನದಲ್ಲಿ ಪುಂಡಲೀಕಪ್ಪ ಮೈಕು ಕಸಿದುಕೊಂಡು, "ಮುಂಡರಗಿ ಸಾವಂತ್ರೆವ್ವನವರಿಂದ ಒಂದು ತಾಂಬರದ ಹಂಡೇ" ಎಂದು ಊರೇ ಕೇಳುವಂತೆ ಕೂಗಿದ. ಹಿಂದೆಯೇ ನಲವತ್ತು ಹೆಸರು, ಒಂದೇ ಉಸಿರಿನಲ್ಲಿ. ಎಲ್ಲ ಮುಗಿದ ಮೇಲೆ ದಾದಾಪೀರನ ಕಡೆ ತಿರುಗಿದ.

"ನಿನ್ನ ಮಷಿನ್ ಕೆಟ್ಟೈತಿ ನೋಡು. ನಡುವ ನಿಲ್ಲೂದ ಇಲ್ಲ."

"ಕೆಟ್ಟಿಲ್ರಿ ಯಜಮಾನ್ರ. ಅದು ನಾ ಕೂಡಿಸಿದ್ದು."

"ಕೂಡಸಬ್ಯಾಡೋ ಮಾರಾಯಾ. ರಿಪೇರಿ ಮಾಡಸು."

ಸಂಜೆ ಪುಂಡಲೀಕಪ್ಪನ ಚಕ್ಕಡಿಯಲ್ಲಿ ಮೂವರೂ ಮರಳಿದೆವು. ಹಿಂದುಗಡೆ ಎರಡು ಮಷಿನ್, ನಡುವೆ ಭೋಂಗಾ, ಭೋಂಗಾದ ಆಚೆ ತಂದೆ, ಈಚೆ ಮಗ. ದಾದಾಪೀರನ ಮುಖ ಒಣಗಿತ್ತು. ಕೇಳಿದ ಅಷ್ಟೂ ಜನರಲ್ಲಿ ಒಬ್ಬನಿಗೂ ತನ್ನ ಕೆಲಸ ತಿಳಿದಿರಲಿಲ್ಲ, ತಿಳಿದದ್ದೆಲ್ಲ ಮಷಿನಿನ ರೋಗವೆಂದೇ, ನಾಳೆಯಿಂದ ಬಿಲ್ಲು. ಊರು ಹತ್ತಿರ ಬಂದಾಗ ಸಾಬರು ಭೋಂಗಾದ ಆಚೆಯಿಂದಲೇ ಕೇಳಿದರು.

"ಅವು ಎಲ್ಲಿ ಕೂಡಿದ್ವು?"

"ಯಾವುವಪ್ಪಾ?"

"ಮೊದಲನೇ ಹಾಡು, ಎರಡನೇ ಹಾಡು."

ದಾದಾಪೀರ ಹೇಳಹೊರಟ. ಸಾಬರು ಕೈಯೆತ್ತಿ ತಡೆದರು.

"ಹೇಳಬ್ಯಾಡ. ನನ್ನ ಕೈ ನೋಡ್ತಿದ್ದಿ ಅನ್ನೂದು ಗೊತ್ತಿತ್ತು ನನಗ. ಕೂಡಿದ ಜಾಗಾ ಹಿಡದ ಬಿಡ್ತೇನಂತ ಹಟಕ್ಕ ಕುಂತಿದ್ದೆ. ಗಾದಿ ಮ್ಯಾಲೆ ಕೈ ಆಡಿಸಿದಂಗ ಬೆರಳು ಆಡಿಸಿದೆ. ಗಂಟು ಸಿಗಲಿಲ್ಲ."

ಮಗ ಆ ಕಡೆ ಮುಖ ತಿರುಗಿಸಿದ. ಆಗಲೇ ಮೊದಲ ಸಲ, ರಿಕಾರ್ಡು ಒರೆಸುವ ಆ ಮೆತ್ತನೆಯ ಅರಿವೆಯಿಂದ ಅವನು ಮುಖ ಒರೆಸಿಕೊಂಡದ್ದನ್ನು ನಾನು ಕಂಡೆ. ಮರುದಿನ ಬೆಳಿಗ್ಗೆ ಬಿಲ್ಲಿನ ಹೆದೆ ಬಿಗಿದು ಕೂತ ಸಾಬರು, "ಏನ್ ನೋಡ್ತಿ? ಹಚ್ಚು" ಎಂದರು. ನಾನು ಕಿಟಕಿ ಮುಚ್ಚಲಿಲ್ಲ.

ಸುತ್ತಲ ಹಳ್ಳಿಗಳಲ್ಲಿ ಮಾತ್ರ ಅವನ ಹೆಸರು ಕೆಟ್ಟದ್ದು ಕೆಟ್ಟಂತೆಯೇ ಉಳಿಯಿತು. ಯಳವತ್ತಿಯವರಾಗಲಿ ಹಿರೇಹಂದಿಗೋಳದವರಾಗಲಿ, ಮೈಕು ಹೇಳಲು ಬಂದವರು ಮೊದಲು ಕೇಳುತ್ತಿದ್ದುದು, "ನಡನಡುವ ನಿಲ್ಲಸ್ತಿಯಿಲ್ಲೋ?" ನಿಲ್ಲಿಸುತ್ತೇನೆಂದು ಅವನು ನಗುತ್ತ ಒಪ್ಪುತ್ತಿದ್ದ, ಆಯೇರ ಮುಗಿಯುವ ತನಕ ನಿಲ್ಲಿಸುತ್ತಲೂ ಇದ್ದ. ಲೋಕದಲ್ಲಿ ಇಂಥದೊಂದು ಕುಲವೇ ಇದೆ. ಇವರ ಕೆಲಸ ಕೆಟ್ಟರೆ ಊರಿಗೆಲ್ಲ ಕಾಣುತ್ತದೆ, ಚೆನ್ನಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಗಾದಿಯ ಮೇಲೆ ಮಲಗಿದವನು ನಿದ್ದೆಯನ್ನು ಹೊಗಳುತ್ತಾನೆ, ಹತ್ತಿ ಹಿಂಜಿದವನನ್ನಲ್ಲ. ಇವರು ಸನ್ಮಾನಕ್ಕೆ ಕಾಯುವವರಲ್ಲ. ಗಂಟು ಎಲ್ಲಿರಬೇಕೆಂದು ಬಲ್ಲ ಒಬ್ಬರು, ಒಬ್ಬರೇ ಒಬ್ಬರು, ಬೇಕೆಂತಲೇ ಹುಡುಕಿ ಸಿಗಲಿಲ್ಲವೆಂದರೆ ಸಾಕು, ಇಡೀ ಆಯುಷ್ಯಕ್ಕಾಗುವಷ್ಟು ಸಿಕ್ಕಿಬಿಡುತ್ತದೆ ಅವರಿಗೆ.