ಸ್ಟೀಲ್ ಡಬ್ಬಿಯ ರೇಷ್ಮೆ

ನೂರ್ಜಹಾನ್ ಸೆರಗಿನ ಮರೆಯಿಂದ ಕೊನೆಯ ಹಿಡಿಯನ್ನೂ ಒಲೆಯೊಳಗೆ ತಳ್ಳಿ, ಮೇಲೆ ಎರಡು ಸೌದೆ ಹೇರಿದಳು. ಬಳೆಗೆ ಸಿಕ್ಕಿಕೊಂಡ ಎಳೆಯೊಂದನ್ನು ಬಿಡಿಸಿಕೊಳ್ಳಲು ಪುರಸೊತ್ತಿರಲಿಲ್ಲ. ಮೂವತ್ತು ವರ್ಷ ರೇಷ್ಮೆಗೂಡು ಬೆಂದ ಹಂಡೆಯಲ್ಲಿ ಇಂದು ಗಂಡ ಗಫಾರರ ಶವ ತೊಳೆಯುವ ನೀರು ಕಾಯುತ್ತಿತ್ತು. ಮೇಲೆ ಬೋರೆ ಎಲೆಗಳು ತೇಲುತ್ತಿದ್ದವು.

"ಅಮ್ಮಿ, ಕೂದ್ಲು ಸುಟ್ಟಂಗೆ ವಾಸ್ನೆ ಬತ್ತೈತೆ," ಎಂದಳು ಸೊಸೆ ಶೀಬಾ.

"ಹಳೇ ಕಸ. ನೀನು ನೀರು ನೋಡ್ಕೊ, ಕುದೀಬಾರ್ದು. ನಿಮ್ಮ ಮಾವನಿಗೆ ಬಿಸಿ ತಡೆಯಾಕಾಗ್ತಿರ್ಲಿಲ್ಲ."

ಬೀದಿಯ ಶಾಮಿಯಾನದಡಿ ಕುಳಿತ ಗಂಡಸರ ಮಾತು ಗೋಡೆ ದಾಟಿ ಬರುತ್ತಿತ್ತು. ಪಕ್ಕದ ಶೆಡ್ಡಿನಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರ್ ಇದ್ರೀಸನ ದನಿ ಎಲ್ಲಕ್ಕಿಂತ ಮೇಲಿತ್ತು: "ಅಗೋ, ಬಂದ ಕಣ್ಲಾ ಮೆದುಳು ಬೆಳ್ಸೋ ಸಾಹೇಬ! ಕೈಯಾಗೆ ಐಸ್ ಡಬ್ಬ ಬೇರೆ. ಸಾವಿನ ಮನೆಗೆ ಕುಲ್ಫಿ ತಂದವ್ನಾ?"

"ಸುಮ್ಕಿರ್ಲಾ," ಎಂದವನು ಉಯ್ಯಂಬಳ್ಳಿಯ ಕೆಂಪಯ್ಯ. ಗಫಾರರಿಗೆ ಹನ್ನೆರಡು ವರ್ಷ ಗೂಡು ಕೊಟ್ಟು, ಆಮೇಲೆ ಊರ ಮಾತು ನಂಬಿ ನಿಲ್ಲಿಸಿದವನು. "ನಾವೇನ್ ಒಸಿ ಅಂದ್ವಾ ಸತ್ತೋದ ಆವಯ್ಯನ್ನ?"

ಮಗ ಆಫ್ತಾಬ್ ಒಳಗೆ ಬಂದ. ಕೋಪಕ್ಕೆ ಅವನ ಕುತ್ತಿಗೆಯ ನರ ಉಬ್ಬಿತ್ತು.

"ಅಮ್ಮಿ, ಸಿದ್ಧಾರ್ಥ ಸರ್ ಬಂದವ್ರೆ. ಅಬ್ಬಾ ಕೊನೇಲಿ ಮಾಡಿಟ್ಟ ರೇಷ್ಮೆ ಬೇಕಂತೆ, ಆ ಸ್ಟೀಲ್ ಡಬ್ಬೀದು. ಸೋಮವಾರ ಅವ್ರ ಲ್ಯಾಬ್ ನೋಡೋಕೆ ದೊಡ್ಡವ್ರು ಬತ್ತಾರಂತೆ. ಒದ್ದು ಓಡಿಸ್ಬುಡ್ಲಾ?"

"ಬ್ಯಾಡ. ಜನಾಜಾ ಎತ್ತೋಕೆ ಮುಂಚೆ ನೀನು ಎಲ್ರನ್ನೂ ಕೇಳ್ತೀಯಲ್ಲ, ನಮ್ಮ ಅಬ್ಬಾ ಯಾರಿಗಾದ್ರೂ ಮೋಸ ಮಾಡಿದ್ರೆ ಹೇಳಿ, ಮಾಫ್ ಮಾಡಿ ಅಂತ? ಆಗ ಆಯಪ್ಪ ಬೀದಿಗೆಲ್ಲ ಕೇಳೋ ಹಂಗೆ ನಿಜ ಹೇಳ್ಲಿ. ಹೇಳುದ್ರೆ ಡಬ್ಬಿ ಕೊಡ್ತೀನಿ."

"ಒಪ್ಪದಿದ್ರೆ?"

"ಒಪ್ತಾನೆ." ಅವಳು ಒಲೆಯನ್ನು ಊದಿದಳು. ಕಲಬೆರಕೆಯವನೆಂಬ ಹೆಸರನ್ನು ಹೊತ್ತು ತನ್ನ ಗಂಡ ಮಣ್ಣಿಗೆ ಇಳಿಯಕೂಡದು. ಅಷ್ಟೇ ಅವಳಿಗೆ ಬೇಕಾಗಿದ್ದುದು. ಅಲ್ಲ, ಅಷ್ಟೇ ಅಲ್ಲ.

*

ಐದು ವರ್ಷದ ಹಿಂದೆ ಸಿದ್ಧಾರ್ಥ ಬೆಂಗಳೂರಿನ ಪ್ರಯೋಗಾಲಯದಿಂದ ರಾಮನಗರದ ಈ ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕುಳಿತಿದ್ದ. ರೇಷ್ಮೆಯನ್ನು ಕರಗಿಸಿ ಸ್ಪಂಜಿನಂತೆ ಹೆಪ್ಪುಗಟ್ಟಿಸುತ್ತೇವೆ, ಅದರ ತೂತುಗಳಲ್ಲಿ ಮನುಷ್ಯರ ನರಕೋಶ ಬೆಳೆಸುತ್ತೇವೆ ಎಂದಿದ್ದ. ಕಾಳಿನಷ್ಟು ಮೆದುಳಿನ ತುಣುಕು ಸಿದ್ಧವಾದರೆ ಮೂರ್ಛೆರೋಗದ ಔಷಧವನ್ನು ಮೊದಲು ಅದರ ಮೇಲೆ ಪರೀಕ್ಷಿಸಬಹುದು.

"ಸೀರೆ ಕೊಡೋ ಹುಳದ ಹೊಟ್ಟೇಲಿ ಇಷ್ಟೊಂದು ಬುದ್ಧಿ ಇತ್ತಾ!" ಎಂದು ಗಫಾರರು ನಕ್ಕಿದ್ದರು.

ನೂಲು ತೆಗೆಯುವಾಗ ಗೂಡನ್ನು ಹುಳದ ಸಮೇತ ಬೇಯಿಸುವುದು ವಾಡಿಕೆ. ಇದಕ್ಕೆ ಅದು ಸಲ್ಲದು. ಹುಳದ ರಸ ತಾಗಿದ ರೇಷ್ಮೆಯಲ್ಲಿ ಕೋಶ ಬದುಕದು. ಗಫಾರರು ಒಂದೊಂದೇ ಗೂಡನ್ನು ಕಿವಿಯ ಬಳಿ ಅಲ್ಲಾಡಿಸುತ್ತಿದ್ದರು. ಗಟ್ಟಿಯಾಗಿ ಸದ್ದಾದರೆ ಒಳಗಿನ ಹುಳ ಸರಿಯಿದೆ. ಸದ್ದು ಮೆತ್ತಗಾದರೆ ಒಡೆದು ಕಲೆ ಮಾಡಿದೆ. ಆರಿಸಿದ್ದನ್ನು ನೂರ್ಜಹಾನ್ ಕತ್ತರಿಯಿಂದ ಸೀಳಿ ಹುಳ ತೆಗೆಯುತ್ತಿದ್ದಳು. ಆಮೇಲೆ ವಾಷಿಂಗ್ ಸೋಡಾ ಬೆರೆಸಿದ ಕುದಿನೀರಿನಲ್ಲಿ ಅರ್ಧ ಗಂಟೆ. ಅಂಟು ಬಿಟ್ಟು ಉಳಿಯುತ್ತಿದ್ದುದು ಹತ್ತಿಯಂಥ ಬಿಳಿ ರೇಷ್ಮೆ.

ಒಂದು ದಿನ ಮೊಬೈಲಿಗೆ ಆ ನರಕೋಶಗಳ ಚಿತ್ರ ಬಂತು. ಕತ್ತಲಲ್ಲಿ ಹಸಿರು ಎಳೆಗಳು ಒಂದಕ್ಕೊಂದು ಕೈ ಚಾಚಿದ್ದವು. ಗಫಾರರು ಅದನ್ನು ಬೀದಿಯ ಪ್ರತಿ ಮನೆಗೂ ಒಯ್ದು ತೋರಿಸಿದರು. "ಮೆದುಳೂ ನಮ್ಮಂಗೇ ನೂಲ್ತೈತೆ, ನೋಡ್ರಪ್ಪಾ!"

ಹೋದ ವರ್ಷ ಪ್ರಯೋಗಾಲಯದಲ್ಲಿ ಒಂದು ಕಂತಿನ ಕೋಶಗಳೆಲ್ಲ ಸತ್ತವು. ಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳ ಸಭೆ ನಡೆದಾಗ ಸಿದ್ಧಾರ್ಥ ಎದ್ದು ನಿಂತು, ಗಫಾರ್ ಒಳ್ಳೆಯ ರೇಷ್ಮೆಗೆ ಜೂಟು ಎಂಬ ಕಳಪೆ ರೇಷ್ಮೆ ತ್ಯಾಜ್ಯ ಬೆರೆಸಿದರೆಂದು ಹೇಳಿದ. ವಾರ ಕಳೆದ ಮೇಲೆ ಅವನ ಪ್ರಯೋಗಾಲಯದ ಹುಡುಗಿ ಭಾನುಪ್ರಿಯ ಫೋನಿನಲ್ಲಿ ಅತ್ತಳು: "ರೇಷ್ಮೆ ಕರಗಿಸೋಕೆ ಹಾಕಿದ ಉಪ್ಪನ್ನ ಮೂರು ದಿನ ತೊಳೀಬೇಕಿತ್ತು ಅಂಕಲ್. ಸರ್ ಆತುರಕ್ಕೆ ಒಂದೇ ದಿನಕ್ಕೆ ತೆಗೆಸಿದ್ರು. ಅದಕ್ಕೇ ಕೋಶ ಸತ್ತಿದ್ದು. ಅವ್ರಿಗೂ ಗೊತ್ತು."

ಗಫಾರರು ಮನೆಯ ಹೊರಗೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ಹುಡುಗಿಯ ಕೆಲಸ ಹೋಗುತ್ತಿತ್ತು. ಕೆಂಪಯ್ಯನ ಗೂಡು ನಿಂತಿತು. ಮಸೀದಿಗೆ ಹೋಗಲು ಅವರು ಮಾರುಕಟ್ಟೆ ತಪ್ಪಿಸುವ ಸುತ್ತುದಾರಿ ಹಿಡಿದರು.

ಕಳೆದ ತಿಂಗಳು, ಬೇರೆ ಯಾರ ರೇಷ್ಮೆಯೂ ಒಗ್ಗದೆ ಸಿದ್ಧಾರ್ಥ ಮತ್ತೆ ಹೇಳಿಕಳಿಸಿದಾಗ, ಗಫಾರರು ಮಂಚದ ಮೇಲೆ ಕುಳಿತೇ ಗೂಡು ಆರಿಸಿದರು. ಡಬ್ಬಿ ತುಂಬಿದ ದಿನ ಹೆಂಡತಿಯ ಕೈ ಹಿಡಿದರು.

"ಕೊಟ್ಬುಡು ನೂರ್. ಅವ್ನಿಗಲ್ಲ. ಯಾವ್ದೋ ಮೂರ್ಛೆ ಬರೋ ಮಗೀಗೆ."

"ಕೊಡ್ತೀನಿ," ಎಂದಿದ್ದಳು. ಮದುವೆಯಾದಂದಿನಿಂದ ಗಂಡನಿಗೆ ಅವಳು ಹೇಳಿದ ಸುಳ್ಳು ಅದೊಂದೇ.

*

ಬಿಳಿ ಹತ್ತಿಬಟ್ಟೆ ಸುತ್ತಿದ ದೇಹ ಬೀದಿಗೆ ಬಂತು. ಆಯುಷ್ಯವೆಲ್ಲ ರೇಷ್ಮೆ ತೆಗೆದವರು, ಒಂದು ದಿನವೂ ಅದನ್ನು ಉಟ್ಟವರಲ್ಲ. ನೂರ್ಜಹಾನ್ ಬಾಗಿಲ ಪರದೆಯ ಹಿಂದೆ ನಿಂತಳು.

ಆಫ್ತಾಬ್ ಜನರತ್ತ ತಿರುಗಿದ. "ನಮ್ಮ ಅಬ್ಬಾ ಯಾರಿಗಾದ್ರೂ ಮೋಸ ಮಾಡಿದ್ರೆ, ನೋಯಿಸಿದ್ರೆ, ಈಗ್ಲೇ ಹೇಳಿ. ಮಾಫ್ ಮಾಡಿ."

ಎಲ್ಲರ ಕಣ್ಣೂ ಐಸ್ ಡಬ್ಬದವನ ಮೇಲೆ ನೆಟ್ಟವು. ಸಿದ್ಧಾರ್ಥ ಕೈಗಡಿಯಾರ ನೋಡಿಕೊಂಡ, ಮುಂದೆ ಬಂದ.

"ಗಫಾರ್ ಸಾಹೇಬರು ಏನನ್ನೂ ಬೆರೆಸಿರಲಿಲ್ಲ," ಎಂದ. "ತಪ್ಪು ನಮ್ಮ ಲ್ಯಾಬಿನದು."

"ನಮ್ಮ ಅಂದ್ರೆ ಯಾರ್ದು ಸ್ವಾಮಿ? ಆ ಬೀಕರ್‌ದಾ?" ಇದ್ರೀಸ್ ಬಿಡಲಿಲ್ಲ.

"ನನ್ನದು. ಗೊತ್ತಿದ್ದೂ ಸುಳ್ಳು ಹೇಳಿದೆ."

ಕೆಂಪಯ್ಯ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದ; ಮರುಕ್ಷಣ ಎಲ್ಲರನ್ನೂ ಸರಿಸಿ ಜನಾಜಾಕ್ಕೆ ಹೆಗಲು ಕೊಟ್ಟ. ಮೆರವಣಿಗೆ ಮಸೀದಿಯತ್ತ ಸಾಗಿತು. ಮಾರುಕಟ್ಟೆಯ ಮುಂದಿನ ನೇರ ದಾರಿಯಲ್ಲೇ.

ಸಿದ್ಧಾರ್ಥ ಹತ್ತು ಹೆಜ್ಜೆಯೂ ಜೊತೆ ನಡೆಯಲಿಲ್ಲ. ಹಿಂದಿರುಗಿ ಪರದೆಯ ಮುಂದೆ ನಿಂತ.

"ಅಮ್ಮಾ, ಹೇಳಿದೆನಲ್ಲ..."

ಪರದೆಯ ಸಂದಿಯಿಂದ ಸ್ಟೀಲ್ ಡಬ್ಬಿ ಹೊರಬಂತು. ಅದು ಬೆಚ್ಚಗಿತ್ತು. ಅವನು ಮುಚ್ಚಳ ತೆರೆದ. ಒಳಗೆ, ಮುಟ್ಟಿದರೆ ಪುಡಿಯಾಗುವ ಕಪ್ಪು ಗುಳಿಗೆಗಳು, ಬೂದಿ, ಕೂದಲು ಸುಟ್ಟ ವಾಸನೆ.

"ಇದೇನಿದು?"

"ಅವ್ರೇ ಮಾಡಿದ ರೇಷ್ಮೆ. ಅವ್ರ ಕೊನೇ ನೀರು ಇದ್ರಲ್ಲೇ ಕಾದಿದ್ದು," ಎಂದಳು ನೂರ್ಜಹಾನ್. "ತಗೊಂಡೋಗಿ ತೊಳೀರಿ ಸ್ವಾಮಿ. ಈ ಸಲನಾದ್ರೂ ಮೂರು ದಿನ ತೊಳೀರಿ."

ಕಾರು ಹೊರಟ ಸದ್ದು ಅಡಗುವವರೆಗೂ ಅವಳು ಅಲ್ಲೇ ನಿಂತಿದ್ದಳು. ಶೀಬಾ ಬಂದು ಮೆಲ್ಲನೆ ಕೈ ಹಿಡಿದಳು. "ಅಮ್ಮಿ, ಬಳೆ ತೆಗೀಬೇಕು."

ಗಾಜಿನ ಬಳೆಗಳು ಒಂದೊಂದಾಗಿ ಕಳಚಿದವು. ಕೊನೆಯದು ಮಾತ್ರ ಬರಲಿಲ್ಲ. ಬೆಳಗ್ಗೆ ಒಲೆಯ ಮುಂದೆ ಸಿಕ್ಕಿಕೊಂಡ ಆ ಬಿಳಿಯ ರೇಷ್ಮೆ ಎಳೆ ಬಳೆಯನ್ನೂ ಮಣಿಕಟ್ಟನ್ನೂ ಸುತ್ತಿಕೊಂಡಿತ್ತು. ನೂರ್ಜಹಾನ್ ಅದರ ತುದಿ ಹಿಡಿದು ಜಗ್ಗಿದಳು. ಇನ್ನೊಮ್ಮೆ, ಹಲ್ಲು ಕಚ್ಚಿ, ಜಗ್ಗಿದಳು. ಬಳೆ ಚೂರಾಯಿತು. ಎಳೆ ಕಡಿಯಲಿಲ್ಲ. ಅದರಡಿ ಚರ್ಮದ ಮೇಲೆ, ಕೂದಲಿನಷ್ಟು ಸಣ್ಣಗೆ, ಕೆಂಪು ಗೆರೆಯೊಂದು ಮೂಡುತ್ತಿತ್ತು.