ಎಡಗೈ ಬೀದಿ

ವ್ಯಂಗ್ಯಚಿತ್ರ ಕೆತ್ತಿ ಅಚ್ಚು ಹಾಕಿ ಮಾರುವ ಜೊನಾಸ್ ಪೆಟಿಫರ್ ತನ್ನ ಹೊಸ ಚಿತ್ರವನ್ನು ಅಂಗಡಿಯ ಕಿಟಕಿಗೆ ಅಂಟಿಸಿದ ದಿನವೇ ಲಂಡನ್ನಿನ ಜನ ಅದರ ಮುಂದೆ ಗುಂಪುಗೂಡಿ ನಕ್ಕರು. 'ನೀಲಿ ಹಂದಿ' ಹೆಂಡದಂಗಡಿಯ ಬಾಗಿಲು, ಮೇಲೆ ಅದರ ಹೆಸರಿನ ಫಲಕ. ಕೆಳಗೆ ವಿಗ್ ಜಾರಿದ ವಕೀಲ, ಅವನ ಜೇಬಿಗೆ ಕೈಯಿಟ್ಟ ಪಾದ್ರಿ, ಕುಡಿದು ತೂರಾಡುವ ಸಿಪಾಯಿ. ಬಾಗಿಲಿನ ಎಡಕ್ಕೆ ಸೀಗಡಿ ಮಾರುವವಳು ಅಳತೆ ಪಾತ್ರೆಯೊಳಗೆ ಹೆಬ್ಬೆರಳು ಇಳಿಸಿ ಕಡಿಮೆ ಅಳೆಯುತ್ತಿದ್ದಳು. ಆ ಬೆರಳು ಸೌತೆಕಾಯಿಯಷ್ಟಿತ್ತು.

ಯಾರೂ ಜಗಳಕ್ಕೆ ಬರಬಾರದೆಂದು ಜೊನಾಸ್ ಮುಖಗಳನ್ನು ಗುರುತು ಸಿಗದಷ್ಟು ವಿಕಾರಗೊಳಿಸುತ್ತಿದ್ದ. ಆದರೆ ನೀಲಿ ಹಂದಿಯ ಎಡಕ್ಕೆ ನಿಲ್ಲುವವಳು ಟ್ಯಾಮ್ಸಿನ್ ಗಾಡ್ ಎಂದು ಬೀದಿಗೆಲ್ಲ ಗೊತ್ತಿತ್ತು.

"ಏನ್ ಟ್ಯಾಮ್ಸಿನ್, ಹೆಬ್ಬೆರಳೂ ಬೇಯಿಸಿದ್ದೀಯಾ?" ಎಂದು ಕೇಳಿ, ಗಿರಾಕಿಗಳು ಬಾಗಿಲಿನ ಬಲಕ್ಕೆ ನಿಂತು ಸೀಗಡಿ ಮಾರುವ ಪ್ರೂ ಹತ್ತಿರ ಹೋಗತೊಡಗಿದರು.

ಟ್ಯಾಮ್ಸಿನ್ ಜೊನಾಸನ ಅಂಗಡಿಗೆ ಬಂದು, ಹಳಸಿದ ಸೀಗಡಿಯ ಬುಟ್ಟಿಯನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

"ಎಲ್ಲಾ ಉಳೀತು. ನೀನೇ ತಿನ್ನು, ಮಹರಾಯ."

"ನಿನ್ನ ಬರೆದಿಲ್ಲಮ್ಮ ನಾನು. ಆ ಪ್ರೂನ ಬರೆದಿದ್ದು. ಅವಳು ಬೆರಳು ಇಳಿಸೋದನ್ನ ಕಣ್ಣಾರೆ ಕಂಡಿದ್ದೀನಿ."

"ಮತ್ತೆ ಅವಳನ್ಯಾಕೆ ನನ್ ಜಾಗದಲ್ಲಿ ನಿಲ್ಲಿಸಿದೆ?"

ಜೊನಾಸ್ ಬೀದಿಯಲ್ಲಿ ನಿಂತು ಗೀಚಿದ್ದ ಕರಡು ಹುಡುಕಿ ತೆಗೆದ. ಅದರಲ್ಲಿ ಸೀಗಡಿಯವಳು ಬಲಕ್ಕಿದ್ದಳು. ಅಚ್ಚಿನಲ್ಲಿ ಎಡಕ್ಕಿದ್ದಳು. ಸಿಪಾಯಿಯ ಕತ್ತಿ ಬಲಸೊಂಟಕ್ಕೆ ಬಂದಿತ್ತು. ಪಾದ್ರಿ ಎಡಗೈಯಲ್ಲಿ ಕದಿಯುತ್ತಿದ್ದ.

ತಾಮ್ರದ ತಗಡಿನಲ್ಲಿ ಕೆತ್ತಿದ್ದು ಕಾಗದದ ಮೇಲೆ ತಿರುಗಿ ಬೀಳುತ್ತದೆ. ಆದ್ದರಿಂದ ಮೊದಲೇ ತಿರುಗಿಸಿ ಕೆತ್ತಬೇಕು. ಕಸುಬಿನ ಮೊದಲ ಪಾಠ ಅದು. ಫಲಕದ ಅಕ್ಷರಗಳನ್ನು ಅವನ ಕೈ ಅಭ್ಯಾಸಬಲದಿಂದ ತಿರುಗಿಸಿಯೇ ಕೆತ್ತಿತ್ತು. ಅವಸರದಲ್ಲಿ ಚಿತ್ರವನ್ನು ಮಾತ್ರ ಕರಡಿನಲ್ಲಿದ್ದಂತೆಯೇ ಇಳಿಸಿಬಿಟ್ಟಿದ್ದ.

"ಹೊಸ ತಗಡು ಕೆತ್ತುತೀನಿ," ಎಂದ. "ಸದ್ದಿಲ್ಲದೆ ಬದಲಾಯಿಸಿಬಿಡೋಣ."

"ನನ್ ಮಾನ ಸದ್ದಿಲ್ಲದೆ ಹೋಯ್ತಾ? ಬೀದಿಗೆ ಬಂದು ಹೇಳು!"

ಬುಟ್ಟಿಯನ್ನು ಅಲ್ಲೇ ಬಿಟ್ಟು ಅವಳು ಹೊರಟುಹೋದಳು. ಊರಿನ ತಪ್ಪುಗಳನ್ನು ಹೆಸರಿಲ್ಲದೆ ಕೆತ್ತಿ ಬದುಕಿದವನಿಗೆ ತನ್ನ ತಪ್ಪನ್ನು ಹೆಸರು ಹೇಳಿ ಒಪ್ಪುವ ಅಭ್ಯಾಸವಿರಲಿಲ್ಲ. ಬೀದಿಯಲ್ಲಿ ಹೇಳಿದರೆ ಕಸುಬಿನವರೆಲ್ಲ ನಗುತ್ತಾರೆ. ಹೇಳದಿದ್ದರೆ ಅವಳ ಬುಟ್ಟಿ ನಾಳೆಯೂ ತುಂಬಿಯೇ ಉಳಿಯುತ್ತದೆ.

ಮರುದಿನ ಅವನು ಅಚ್ಚನ್ನೂ ಒಂದು ಕನ್ನಡಿಯನ್ನೂ ಹೊತ್ತು ನೀಲಿ ಹಂದಿಯ ಮುಂದೆ ನಿಂತ. "ಚಿತ್ರ ತಿರುಗಿಬಿಟ್ಟಿದೆ, ಹೀಗಿರಬೇಕಿತ್ತು," ಎಂದು ಅಚ್ಚನ್ನು ಕನ್ನಡಿಗೆ ಹಿಡಿದ. ಕನ್ನಡಿಯಲ್ಲಿ ಹೆಬ್ಬೆರಳಿನವಳು ಪ್ರೂ ನಿಲ್ಲುವ ಕಡೆಗೆ ಸರಿದಳು.

"ಕನ್ನಡಿಯಲ್ಲಿ ಫಲಕದ ಅಕ್ಷರ ಉಲ್ಟಾ ಇದೆಯಲ್ಲ ಸ್ವಾಮಿ," ಎಂದ ಒಬ್ಬ ಗುಮಾಸ್ತ. "ಅಕ್ಷರ ನಂಬೋದಾ, ಕನ್ನಡಿ ನಂಬೋದಾ?"

"ಅಕ್ಷರ ಒಂದನ್ನೇ ಸರಿಯಾಗಿ ಕೆತ್ತಿದ್ದು. ಮಿಕ್ಕಿದ್ದೆಲ್ಲ ನನ್ ತಪ್ಪು. ಅಚ್ಚಲ್ಲಿ ಸಿಪಾಯಿ ಕತ್ತಿ ಎಲ್ಲಿದೆ ನೋಡಿ."

ಗುಂಪಿನಲ್ಲಿದ್ದ ಸಿಪಾಯಿಯೊಬ್ಬ ತನ್ನ ಎಡಸೊಂಟ ಮುಟ್ಟಿ ನೋಡಿಕೊಂಡ. "ಅಯ್ಯೋ ಇವನ! ಇಡೀ ಬೀದೀನೇ ಎಡಚರನ್ನಾಗಿ ಮಾಡವ್ನೆ!"

ಜನ ಜೊನಾಸನನ್ನು ನೋಡಿ ಹೊಟ್ಟೆ ಹಿಡಿದು ನಕ್ಕರು. ಅತ್ತ ಪ್ರೂ ಪಾತ್ರೆಯಿಂದ ಮೆಲ್ಲಗೆ ಬೆರಳು ಹೊರಗೆಳೆದುಕೊಂಡಳು.

ಸ್ವಲ್ಪ ದಿನಕ್ಕೇ ಕಸುಬಿನ ಎದುರಾಳಿಯೊಬ್ಬನ ಅಂಗಡಿ ಕಿಟಕಿಯಲ್ಲಿ ಹೊಸ ಚಿತ್ರ ಕಾಣಿಸಿತು: ಕೋಟನ್ನು ಹಿಂದುಮುಂದಾಗಿ ತೊಟ್ಟ ಕೆತ್ತನೆಗಾರನೊಬ್ಬ ಕತ್ತೆಯ ಬಾಲ ಹಿಡಿದು, ಹಿಮ್ಮುಖವಾಗಿ ಕೂತು ನೀಲಿ ಹಂದಿಯತ್ತ ಸವಾರಿ ಹೊರಟಿದ್ದ. ಜೊನಾಸ್ ಗುಂಪಿನೊಳಗೆ ನುಗ್ಗಿ ಅದನ್ನು ಗಮನವಿಟ್ಟು ನೋಡಿದ. ಬಾಗಿಲಿನ ಎಡಕ್ಕೆ ಸೀಗಡಿಯವಳಿದ್ದಳು. ಪಾತ್ರೆ ತುಂಬಿತ್ತು, ಹೆಬ್ಬೆರಳು ಹೊರಗಿತ್ತು. ಸಿಪಾಯಿಯ ಕತ್ತಿಯೂ ಎಡಸೊಂಟಕ್ಕೇ ಇತ್ತು.

"ಚೆನ್ನಾಗಿ ಕೆತ್ತಿದ್ದಾನೆ," ಎಂದ ಜೊನಾಸ್, ಟ್ಯಾಮ್ಸಿನ್ ಬಳಿ ಹೋಗಿ. "ಒಂದು ಅಳತೆ ಸೀಗಡಿ ಹಾಕು."

ಅವಳು ಅಳೆಯುವಾಗ ಅವನ ಕಣ್ಣು ತಾನಾಗಿ ಅವಳ ಹೆಬ್ಬೆರಳಿನತ್ತ ಹೋಯಿತು.

"ನೋಡು, ನೋಡು," ಎಂದಳು ಟ್ಯಾಮ್ಸಿನ್. "ಗಿರಾಕಿಗಳೆಲ್ಲ ವಾಪಸ್ ಬಂದವ್ರೆ. ಆದ್ರೆ ಈಗ ಎಲ್ಲರೂ ನೋಡ್ತಾರೆ."