ಹತ್ತಿಯ ಎಳೆ

ಉಳಿದವರ ಹೂಗಳ ಅಡಿಯಲ್ಲಿ ಸಿಕ್ಕಿಕೊಂಡಿದ್ದ ತನ್ನ ಹೂವಿನ ಚಕ್ರವನ್ನು ರಾಹೇಲ್ ಎಳೆದು ತೆಗೆದು, ಶವಪೆಟ್ಟಿಗೆಯ ತಲೆಯ ಬಳಿ ಇಟ್ಟಳು. ತೀರಿಕೊಂಡ ಶೋಶಮ್ಮನ ತಂಗಿ ಮರಿಯಾ ನೋಡಿ ಸುಮ್ಮನಿರಲಿಲ್ಲ.

"ಇವತ್ತೂ ನೀವೇ ಮುಂದಿರ್ಬೇಕಾ, ಅಕ್ಕಾ?"

"ಮೆಡಿಕಲ್ ಕಾಲೇಜಲ್ಲಿ ಇವಳ ಜೊತೆ ಒಂದೇ ಬೆಂಚಲ್ಲಿ ಕೂತೋಳು ಕಣೇ ನಾನು. ನನ್ನ ಹೂವು ಕಾಲ ಹತ್ರ ಯಾಕಿರ್ಬೇಕು?"

ಕೋಟ್ಟಯಂನ ಆ ಅಂಗಳದ ತುಂಬ ಶೋಶಮ್ಮ ಡಾಕ್ಟರ ಕುಷ್ಠರೋಗಿಗಳು. ಬೆರಳು ಮೊಂಡಾದವರು, ರಬ್ಬರ್ ಚಪ್ಪಲಿಯವರು; ಆ ಚಪ್ಪಲಿಗೆ ಪಾದದ ಅಳತೆ ತೆಗೆದವಳೂ ಅವಳೇ. ಎಲ್ಲರೂ ಅಳುತ್ತಿದ್ದರು. ರಾಹೇಲಳ ಹೊಟ್ಟೆ ಉರಿಯಿತು. ತಾನು ಮೂವತ್ತೆಂಟು ವರ್ಷ ಅರಿವಳಿಕೆ ಕೊಟ್ಟವಳು. ಎಚ್ಚರವಾದವರು ಆಪರೇಷನ್ ಮಾಡಿದವನಿಗೆ ಕೈ ಮುಗಿಯುತ್ತಾರೆ. ನಿದ್ದೆ ಮಾಡಿಸಿದವಳ ಮುಖ ಯಾರಿಗೆ ನೆನಪಿರುತ್ತದೆ? ಈ ಅಂಗಳ ತನ್ನದಾಗಬೇಕಿತ್ತು.

*

ಆಗ ಇಬ್ಬರಿಗೂ ಮೆಡಿಕಲ್ ಎರಡನೇ ವರ್ಷ. ಈಪ್ಪನ್ ಸಾರ್ ಅವರ ಕುಷ್ಠರೋಗದ ಸಂಶೋಧನೆಗೆ ಒಬ್ಬಳು ವಿದ್ಯಾರ್ಥಿನಿ ಬೇಕಿತ್ತು. ಅಂಕಗಳಲ್ಲಿ ರಾಹೇಲಳೇ ಮೊದಲು. ಸಾರ್ ಇಬ್ಬರ ಕೈಗೂ ಹತ್ತಿ ಕೊಟ್ಟು, ಏಲಿ ಎಂಬ ರೋಗಿಯನ್ನು ಕಣ್ಣು ಮುಚ್ಚಿಸಿ ಕೂರಿಸಿದರು. ಚರ್ಮಕ್ಕೆ ಸ್ಪರ್ಶ ಉಳಿದಿದೆಯೇ ಎಂದು ನೋಡಲು, ಎಳೆ ತಾಗಿದ ಜಾಗಕ್ಕೆ ಅವಳು ಬೆರಳಿಟ್ಟು ತೋರಿಸಬೇಕು.

ರಾಹೇಲ್ ಮುಂಗೈಯ ಬಿಳಿಚಿದ ಮಚ್ಚೆಗೆ ತಾಗಿಸಿ, "ಗೊತ್ತಾಯ್ತಾ?" ಎಂದಳು.

"ಹೂಂ, ಗೊತ್ತಾಯ್ತು."

ಶೋಶಮ್ಮ ಏನೂ ಕೇಳಲಿಲ್ಲ. ಅದೇ ಜಾಗಕ್ಕೆ ತಾಗಿಸಿದಳು, ಕಾದಳು. ಏಲಿಯ ಬೆರಳು ಏಳಲೇ ಇಲ್ಲ.

"ಕೇಳಿದ್ರೆ ಹೂಂ ಅನ್ನದೆ ಇನ್ನೇನಂತಾರಮ್ಮ?" ಎಂದ ಸಾರ್ ಶೋಶಮ್ಮನನ್ನು ಆರಿಸಿದರು. ಎರಡು ತಿಂಗಳು ಅವರೊಂದಿಗೆ ಊರೂರು ಸುತ್ತಿ ಬಂದವಳು, ಹೆರಿಗೆ ಡಾಕ್ಟರಾಗುವ ಆಸೆ ಬಿಟ್ಟು ಚರ್ಮರೋಗವನ್ನೇ ಹಿಡಿದಳು. ರಾಹೇಲ್ ಹಟಕ್ಕೆ ಬಿದ್ದು ಮತ್ತೆ ಆ ವಿಭಾಗದತ್ತ ತಲೆ ಹಾಕಲಿಲ್ಲ.

*

"ನನ್ನ ಗುರುತು ಸಿಕ್ತಾ, ಡಾಕ್ಟ್ರಮ್ಮ? ನಾನು ಏಲಿ." ಅಂಗಳದಲ್ಲಿ ರಾಹೇಲಳ ಪಕ್ಕಕ್ಕೆ ಬಂದು ನಿಂತವಳ ತಲೆ ಪೂರ್ತಿ ಬೆಳ್ಳಗಾಗಿತ್ತು.

"ಮರೆಯೋಕಾಗುತ್ತಾ? ಅವತ್ತು ಯಾಕೆ ಸುಳ್ಳು ಹೇಳ್ದೆ?"

"ನೀವು ಅಷ್ಟು ಆಸೆಯಿಂದ ಕೇಳಿದ್ರಿ. ಇಲ್ಲ ಅಂದ್ರೆ ಸಾರ್ ನಿಮ್ಮನ್ನ ಬೈದಾರು ಅಂದ್ಕೊಂಡೆ."

ನಲವತ್ತೈದು ವರ್ಷ ಶೋಶಮ್ಮನ ಮೇಲೆ ಹಲ್ಲು ಕಡಿದವಳು ಏಲಿಯ ಮುಂಗೈಯ ಆ ಜಾಗವನ್ನೇ ನೋಡಿದಳು.

ಪಾದ್ರಿ ಕೊನೆಯ ಮುತ್ತು ಕೊಡಲು ಎಲ್ಲರನ್ನೂ ಕರೆದರು. ರಾಹೇಲ್ ಬಾಗಿ, ತಣ್ಣಗಿದ್ದ ಹಣೆಗೆ ತುಟಿ ತಾಗಿಸಿದಳು. ಆಪರೇಷನ್ ಮೇಜಿನ ಬಳಿ ದಿನವೂ ರೋಗಿಗಳನ್ನು ಮುಟ್ಟಿ ಕೇಳಿ ರೂಢಿಯಾದ ಮಾತು ತಾನಾಗಿ ಹೊರಬಿತ್ತು.

"ಗೊತ್ತಾಯ್ತಾ, ಶೋಶೇ?"

ಹಿಂದಿನಿಂದ ಏಲಿಯ ಮೊಂಡು ಕೈ ಬಂದು ರಾಹೇಲಳ ಬೆನ್ನ ಮೇಲೆ ಕೂತಿತು.

"ಹೂಂ ಡಾಕ್ಟ್ರಮ್ಮ, ಗೊತ್ತಾಯ್ತು."